ಒಳಗಣ ಅಚ್ಚು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲೊಲೆಯ ಮೇಲಿನ ತಾಮ್ರದ ಹಂಡೆ, ಬಾವಿಕಟ್ಟೆಯ ಕೊಡಪಾನ, ದೇವರ ಕೋಣೆಯ ತಂಬಿಗೆಗಳು ಮನೆತನದ ಮಾನವೆಂದೇ ಎಣಿಸಲ್ಪಟ್ಟಿವೆ. ಗೋಕರ್ಣಕ್ಕೆಂದು ಘಟ್ಟವಿಳಿದ ಯಾತ್ರಿಕನು ಅವುಗಳ ಹೊಳಪನ್ನು ನೋಡಿ ಮೆಚ್ಚುವನು. ಪಾತ್ರೆಯೊಂದು ಆಕಾರವನ್ನು ಪಡೆಯುವ ಬಗೆಯನ್ನು ವಿಚಾರಿಸುವವನು ವಿರಳ. ಈ ಕರಾವಳಿಯು ಹಿಂದೆ ಕೆಳದಿಯ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುಕೊಂಡನು, ಅರಸೊತ್ತಿಗೆ ಅಳಿಯಿತು. ಆದರೆ ಕೈಕಸುಬು ಅರಸರೊಡನೆ ಅಳಿಯುವ ವಸ್ತುವಲ್ಲ. ಕಾಯಕಕ್ಕೆ ಸಿಂಹಾಸನದ ಆಸರೆ ಬೇಡ.

ತಗಡನ್ನು ಪಾತ್ರೆಯಾಗಿಸಲು ಎರಡು ದಾರಿಗಳುಂಟು. ಸುತ್ತಿಗೆಯಿಂದ ಬಡಿಬಡಿದು ರೂಪಿಸುವುದು ಒಂದು. ತಿರುಗುವ ಲೇತು ಯಂತ್ರದಲ್ಲಿ ಮರದ ಅಚ್ಚಿನ ಮೇಲೆ ಒತ್ತಿ ಕೂರಿಸುವುದು ಮತ್ತೊಂದು. ಈ ಎರಡನೆಯ ದಾರಿಯಲ್ಲಿ ಲೋಹದ ಕೆಲಸ ಮೊದಲಾಗುವುದು ಮರದಿಂದ. ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಈ ಸೀಮೆಯಲ್ಲಿ ಮರಗೆಲಸದ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಲಿತು ಒಣಗಿದ ಗಟ್ಟಿ ಮರವನ್ನು ಪಾತ್ರೆಯ ಒಳಮೈಯ ಆಕಾರಕ್ಕೆ ಕಡೆದು ಯಂತ್ರಕ್ಕೆ ಬಿಗಿಯುವರು. ದುಂಡಗೆ ಕತ್ತರಿಸಿದ ತಗಡನ್ನು ಅದರ ಮುಖಕ್ಕೆ ಆನಿಸಿ, ಎದುರಿನಿಂದ ಇನ್ನೊಂದು ಮರದ ತುಂಡನ್ನು ಒತ್ತಿ ನಿಲ್ಲಿಸುವರು. ಅಚ್ಚೂ ತಗಡೂ ಒಂದಾಗಿ ತಿರುಗುತ್ತಿರಲು, ಕೆಲಸಗಾರನು ತಗಡಿಗೆ ಜಿಡ್ಡನ್ನು ಸವರಿ, ತುದಿ ನುಣುಪಾದ ಉದ್ದನೆಯ ಸಲಾಕೆಯಿಂದ ನಡುವಿನಿಂದ ಅಂಚಿನೆಡೆಗೆ ಮೆಲ್ಲಮೆಲ್ಲನೆ ಒತ್ತುತ್ತ ಬರುವನು. ಚಪ್ಪಟೆಯಾದ ತಗಡು ಅಚ್ಚನ್ನು ಅಪ್ಪಿಕೊಂಡು ಬಟ್ಟಲಾಗುವುದು.

ಇಲ್ಲಿ ಬಲಕ್ಕಿಂತ ತಾಳ್ಮೆಯೇ ಹೆಚ್ಚಿನದು. ಒಂದೆಡೆ ಬಿಗಿಯಾಗಿ ಒತ್ತಿದರೆ ತಗಡು ತೆಳುವಾಗಿ ಹರಿಯುವುದು. ಅವಸರಪಟ್ಟರೆ ಅಂಚು ಸುಕ್ಕುಗಟ್ಟುವುದು. ತಾಮ್ರವು ಒತ್ತಿದಷ್ಟೂ ಬಿರುಸಾಗುವ ಲೋಹ. ಬಿರುಸಾದ ಮೇಲೂ ಒತ್ತಿದವನಿಗೆ ಸಿಕ್ಕುವುದು ಸೀಳು ಮಾತ್ರ. ಆದುದರಿಂದ ಅನುಭವಿಯು ಅಲ್ಲಿಗೆ ಕೈ ನಿಲ್ಲಿಸಿ, ತಗಡನ್ನು ಬಿಚ್ಚಿ, ಕೆಂಪು ಬಣ್ಣ ತೋರುವವರೆಗೆ ಕಾಯಿಸಿ, ಆರಿಸಿ, ಮೆತ್ತಗಾದ ಮೇಲೆಯೇ ಮತ್ತೆ ಅಚ್ಚಿಗೇರಿಸುವನು.

ಇವೆಲ್ಲವೂ ಸರಿಯಿದ್ದು ಅಚ್ಚೇ ಕೆಟ್ಟಿದ್ದರೆ ಗತಿಯೇನು? ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ತೀರದಲ್ಲಿ ಮರವು ತೇವವನ್ನುಂಡು ಉಬ್ಬುವುದು, ಬಿಸಿಲಿಗೆ ಬಿರಿಯುವುದು. ಅಚ್ಚಿನ ಬಿರುಕು ಅದರ ಮೇಲೆ ಒತ್ತಿದ ಪಾತ್ರೆಪಾತ್ರೆಯಲ್ಲಿಯೂ ಗೆರೆಯಾಗಿ ಮೂಡುವುದು. ಆಗ ತಗಡನ್ನು ಬೈದು ಫಲವೇನು?

ಗೃಹಸ್ಥನ ಮನೆಯೂ ಇಂತಹ ಕಾಯಕಶಾಲೆಯೇ ಸರಿ. ಮಕ್ಕಳು ತಗಡು, ತಾಯಿತಂದೆಗಳ ಆಚಾರವೇ ಅಚ್ಚು. ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ತೂಕದ ಕಲ್ಲನ್ನಿಟ್ಟುಕೊಂಡ ತಂದೆಯೊಬ್ಬನು ಮನೆಗೆ ಬಂದು ಮಗನಿಗೆ ಸದಾಚಾರವನ್ನು ಬೋಧಿಸುವನು. ಮಗನು ಸುಳ್ಳಾಡಿದ ದಿನ ಬೆತ್ತವನ್ನು ಹಿಡಿಯುವನು. ಹೊಡೆದಷ್ಟೂ ಮಗನು ಬಿರುಸಾಗುವನು. ಕಡೆಗೊಂದು ದಿನ ತಂದೆಯೊಡನೆ ಮಾತನ್ನೇ ಬಿಟ್ಟು ಮನೆಯಿಂದ ಹೊರಬೀಳುವನು. ಇವನು ಯಾರಂತೆ ಹುಟ್ಟಿದನೋ ಎಂದು ತಂದೆಯು ಹಲುಬುವನು. ಅಯ್ಯೋ, ಮಗನು ಇದ್ದ ಅಚ್ಚಿಗೆ ಸರಿಯಾಗಿಯೇ ಕೂತಿರುವನಲ್ಲವೇ?

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪುಣ್ಯಸ್ತ್ರೀ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದರೆಂಬ ಕಥೆಯನ್ನು ಕೇಳದ ಭಕ್ತರಿಲ್ಲ. ಪತಿಯನ್ನು ತಿದ್ದಿದುದು ಆ ತಾಯಿಯ ಕೋಪವಲ್ಲ. ಆಕೆಯ ಬಾಳಿನಲ್ಲಿ ಕದಲದೆ ನಿಂತಿದ್ದ ಅಳತೆ. ಅಚ್ಚು ನೆಟ್ಟಗಿದ್ದುದರಿಂದ ಒಂದೇ ಮಾತು ಸಾಕಾಯಿತು.

ಬಿರುಸಾದ ಮನಸ್ಸನ್ನು ಕಾಯಿಸುವ ಬೆಂಕಿಯೂ ಉಂಟು. ಅದು ಸಿಟ್ಟಿನ ಉರಿಯಲ್ಲ, ಅಂತಃಕರಣದ ಕಾವು. ಆ ತಂದೆಯು ಮೊದಲು ಕಳ್ಳತೂಕದ ಕಲ್ಲನ್ನು ಹೊಳೆಗೆ ಎಸೆಯಲಿ. ಬಳಿಕ ಮಗನಿದ್ದಲ್ಲಿಗೆ ತಾನೇ ನಡೆದುಹೋಗಿ, "ತಪ್ಪು ನನ್ನದಪ್ಪಾ" ಎನ್ನಲಿ. ತಾಮ್ರವು ಎಷ್ಟು ಬಿರುಸಾಗಿದ್ದರೂ ಹದವರಿತ ಕಾವಿಗೆ ಮೆತ್ತಗಾಗುವುದು. ಸೀಳುವ ಮೊದಲು ಹೋಗಬೇಕು, ತಡವಾಗಬಾರದು.

ಹಾಗಾದರೆ ತಂದೆಯ ಸೊಟ್ಟವನ್ನು ತಿದ್ದುವ ಅಚ್ಚು ಯಾವುದು? ಗುರುವು ಕರಸ್ಥಲಕ್ಕೆ ಕರುಣಿಸಿದ ಇಷ್ಟಲಿಂಗವೇ ಅದು. ಕೊರಳಲ್ಲಿ ಲಿಂಗವಿದ್ದು ನಡೆಯು ಲಿಂಗವನ್ನು ಮುಟ್ಟದಿದ್ದರೆ, ಅಚ್ಚೊಂದೆಡೆ ತಗಡೊಂದೆಡೆ ತಿರುಗಿದಂತಾಯಿತು, ಪಾತ್ರೆಯಾಗದು.

ಕಡೆಯದಾಗಿ ಮತ್ತೊಂದು ಗುಟ್ಟುಂಟು. ಬಾಯಿ ಕಿರಿದಾದ ಪಾತ್ರೆಯಿಂದ ಅಖಂಡವಾದ ಅಚ್ಚು ಹೊರಬಾರದು. ಅದಕ್ಕೆಂದು ಅಚ್ಚನ್ನು ಹಲವು ತುಂಡುಗಳಾಗಿ ಜೋಡಿಸಿರುವರು. ಕೆಲಸ ತೀರಿದ ಮೇಲೆ ನಡುವಣ ತುಂಡನ್ನು ಮೊದಲು ಎಳೆದು, ಉಳಿದವನ್ನು ಒಂದೊಂದಾಗಿ ತೆಗೆಯುವರು. ಅಚ್ಚು ಒಳಗೇ ಉಳಿದರೆ ನೀರಿಗೆ ಎಡೆಯೆಲ್ಲಿ? ಮಕ್ಕಳನ್ನು ರೂಪಿಸಿದ ಹಿರಿಯರೂ "ನಾನು" ಎಂಬ ನಡುವಣ ತುಂಡನ್ನು ಮೊದಲು ಎಳೆದುಕೊಳ್ಳಬೇಕು. ಆಗ ಉಳಿಯುವ ಬಯಲೇ ಪಾತ್ರೆಯ ಸಾರ್ಥಕತೆ. ಶಿವಕಾರುಣ್ಯವು ತುಂಬುವುದು ಆ ಬಯಲಿನಲ್ಲಿಯೇ.