ಕಬ್ಬಿಣ ಬಚ್ಚಿಡುವ ದೇಹಕ್ಕೆ ಅರಿವಿದೆಯೇ?

ಸಾಂಖ್ಯ ದರ್ಶನದವರು ಹೇಳುವ ಪ್ರಕೃತಿ, ಅಂದರೆ ಜಗತ್ತಿನ ಮೂಲದ್ರವ್ಯ, ಜಡ. ಆದರೂ ಅದು ಪುರುಷನ, ಅಂದರೆ ಅರಿವುಳ್ಳ ಆತ್ಮದ, ಸಲುವಾಗಿ ದುಡಿಯುತ್ತದೆ. ಅರಿವಿಲ್ಲದ್ದು ಇನ್ನೊಬ್ಬರ ಹಿತಕ್ಕೆ ಹೇಗೆ ದುಡಿದೀತು ಎಂದು ಕೇಳಿದರೆ, ಈಶ್ವರಕೃಷ್ಣನ ಸಾಂಖ್ಯಕಾರಿಕೆ ಕರುವಿಗಾಗಿ ಸುರಿಯುವ ಹಾಲನ್ನು ತೋರಿಸುತ್ತದೆ. ಹಾಲಿಗೆ ಏನೂ ತಿಳಿಯದು, ಕರು ಮಾತ್ರ ಬೆಳೆಯುತ್ತದೆ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಇದನ್ನು ಒಪ್ಪಲಿಲ್ಲ. ಹಾಲು ಸುರಿಯುವುದು ಚೇತನವುಳ್ಳ ಹಸುವಿನ ವಾತ್ಸಲ್ಯದಿಂದ, ಕರು ಚೀಪುವುದರಿಂದ ಎಂದರು. ಕೋವಿಡ್ ಬಂದುಹೋಗಿ ವಾರಗಳಾದರೂ ಮೆಟ್ಟಿಲು ಹತ್ತಲಾರದವರ ರಕ್ತದಲ್ಲಿ ಈ ವಾದ ಇಂದಿಗೂ ಜೀವಂತವಾಗಿದೆ. ದೇಹಕ್ಕೆ ಎಲ್ಲ ಗೊತ್ತು, ಅದರ ಪಾಡಿಗೆ ಅದನ್ನು ಬಿಡಿ ಎಂದು ಅವರಿಗೆ ಹೇಳುವವರಿದ್ದಾರೆ. ಆ ಮಾತು ಎಷ್ಟು ನಿಜ? ದೇಹ ಕಬ್ಬಿಣವನ್ನು ನಿಭಾಯಿಸುವ ಬಗೆಯಲ್ಲಿ ಇದನ್ನು ಪರೀಕ್ಷಿಸಬಹುದು.

ವಯಸ್ಕರ ಮೈಯಲ್ಲಿ ಇರುವ ಕಬ್ಬಿಣ ಬರೀ 3–4 ಗ್ರಾಂ. ಅದರ ಬಹುಪಾಲು ಹಿಮೋಗ್ಲೋಬಿನ್‌ನಲ್ಲಿದೆ. ಹೊಸ ಕೆಂಪು ರಕ್ತಕಣಗಳನ್ನು ಕಟ್ಟಲು ದಿನಕ್ಕೆ ಸುಮಾರು 20–25 ಮಿಲಿಗ್ರಾಂ ಬೇಕು; ಊಟದಿಂದ ಹೀರಲ್ಪಡುವುದು 1–2 ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ, ಸುಮಾರು 120 ದಿನ ಬಾಳಿ ಮುದಿಯಾದ ಕಣಗಳನ್ನು ಒಡೆದು ಮರಳಿ ಪಡೆದದ್ದು. ಸೋಂಕು ತಗುಲಿ ಉರಿಯೂತ ಎದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ. ಜೀವಕೋಶಗಳಿಂದ ಕಬ್ಬಿಣವನ್ನು ಹೊರಬಿಡುವ ಫೆರೊಪೋರ್ಟಿನ್ ಎಂಬ ಪ್ರೋಟೀನನ್ನು ಅದು ಇಲ್ಲವಾಗಿಸುತ್ತದೆ. ಆಗ ಕಬ್ಬಿಣ ಒಳಗೇ ಸಿಕ್ಕಿಬೀಳುತ್ತದೆ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ, ಕರುಳು ಹೀರುವುದೂ ತಗ್ಗುತ್ತದೆ. ಇದರಲ್ಲಿ ಒಂದು ಅರ್ಥವಿದೆ: ಬೆಳೆಯಲು ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು. 1918ರ ಇನ್‌ಫ್ಲುಯೆನ್ಸಾದಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ವೈರಸ್‌ನ ಬೆನ್ನಿಗೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಎಂಬುದನ್ನು ನೆನೆದರೆ, ದೇಹದ ಈ ಬಿಗಿಹಿಡಿತ ಅನಗತ್ಯವೆನಿಸುವುದಿಲ್ಲ.

ಇಷ್ಟರಮಟ್ಟಿಗೆ ಸಾಂಖ್ಯರ ಮಾತು ನಿಲ್ಲುತ್ತದೆ. ಹೆಪ್ಸಿಡಿನ್‌ಗೆ ರೋಗಿಯ ಪರಿಚಯವಿಲ್ಲ, ಆದರೂ ಅದರ ಕೆಲಸ ರೋಗಿಯ ಪರವಾಗಿದೆ. ಸೋಂಕಿನಿಂದ ಬದುಕುಳಿದ ಲೆಕ್ಕವಿಲ್ಲದ ತಲೆಮಾರುಗಳು ಈ ಕ್ರಮವನ್ನು ನಮಗೆ ದಾಟಿಸಿವೆ. ಅದಕ್ಕೆ ಹಸುವಿನ ವಾತ್ಸಲ್ಯದಂಥ ಚೇತನ ಬೇಕಿಲ್ಲ. ಆದರೆ ಶಂಕರರ ಆಕ್ಷೇಪ ಅಲ್ಲಿಗೆ ಮುಗಿಯಲಿಲ್ಲ ಎನ್ನುವುದು ನನ್ನ ವಾದ. ಹಿಂದಿನ ಅಪಾಯಗಳು ರೂಪಿಸಿದ ಉದ್ದೇಶಕ್ಕೆ ಇಂದಿನ ಈ ಒಬ್ಬ ರೋಗಿ ಕಾಣುವುದಿಲ್ಲ. ಸಾಕು ಎನ್ನುವ ಗಳಿಗೆಯನ್ನು ಅದು ತಪ್ಪಬಹುದು. ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್‌ನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಗಳುಗಳ ನಂತರವೂ ಕೋವಿಡ್ ಲಕ್ಷಣಗಳು ಬಿಡದವರಲ್ಲಿ ಸೋಂಕಿನ ಮೊದಲ ಎರಡು ವಾರಗಳಲ್ಲೇ ಉರಿಯೂತ ಇಳಿಯದೆ ಉಳಿದು ರಕ್ತದ ಕಬ್ಬಿಣ ಕುಗ್ಗಿದ್ದು ಕಂಡಿತು. ಒಂದು ಇನ್ನೊಂದಕ್ಕೆ ಕಾರಣವೆಂದು ಇದರಿಂದಲೇ ಸಿದ್ಧವಾಗದು. ಆದರೆ ಕಬ್ಬಿಣ ತೀರಾ ಇಳಿದರೆ ಸೋಂಕಿನೊಡನೆ ಹೋರಾಡುವ ಟಿ-ಕೋಶಗಳೂ ಸೊರಗುತ್ತವೆ ಎಂಬುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ರಕ್ಷಣೆಗೆಂದು ಹೊರಟದ್ದೇ ರಕ್ಷಕರನ್ನು ಉಪವಾಸ ಕೆಡವಬಲ್ಲದು.

ದೇಹ ದೇವರ ರಚನೆ, ಅದನ್ನು ತಿದ್ದಹೋಗುವುದು ಅಹಂಕಾರ ಎಂದು ಆಸ್ತಿಕರು ಹೇಳಬಹುದು. ಆ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ವಿವೇಚಿಸುವ ಬುದ್ಧಿಯೂ ಅದೇ ರಚನೆಗೆ ಸೇರಿದ್ದಲ್ಲವೇ? ಯಕೃತ್ತನ್ನು ಮಾತ್ರ ದೈವದತ್ತವೆಂದು ನಂಬಿ ವಿವೇಕವನ್ನು ಹೊರಗಿಡಲು ಆಧಾರವಿಲ್ಲ. ಹಾಗಾದರೆ ಎಲ್ಲರಿಗೂ ಕಬ್ಬಿಣದ ಮಾತ್ರೆ ಕೊಟ್ಟುಬಿಡೋಣವೇ ಎಂಬುದು ಎದುರು ದಿಕ್ಕಿನ ಆತುರ. ಮಲೇರಿಯಾ ತುಂಬಿದ್ದ ಜಾಂಜಿಬಾರ್‌ನ ಪೆಂಬಾ ದ್ವೀಪದಲ್ಲಿ ಪುಟ್ಟ ಮಕ್ಕಳಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದವರೂ ಸತ್ತವರೂ ಹೆಚ್ಚಾದರೆಂದು 2006ರಲ್ಲಿ ವರದಿಯಾಯಿತು. ದೇಹದ ಬಿಗಿಹಿಡಿತಕ್ಕೆ ಕಾರಣವಿದೆ ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ. ಇನ್ನೊಂದು ಕಡೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಅಂಥ ಹೆಣ್ಣುಮಗಳಿಗೆ ಜ್ವರ ಬಂದುಹೋದ ಮೇಲಿನ ಸುಸ್ತು ಕೂಡಿಟ್ಟ ಕಬ್ಬಿಣ ಸಿಗದ್ದರಿಂದಲೋ, ಕೂಡಿಡಲು ಮೊದಲೇ ಏನೂ ಇಲ್ಲದ್ದರಿಂದಲೋ? ಕೂಡಿಟ್ಟ ಕಬ್ಬಿಣವನ್ನು ಸೂಚಿಸುವ ಫೆರಿಟಿನ್ ಎಂಬ ಪ್ರೋಟೀನಿನ ಮಟ್ಟವೊಂದನ್ನೇ ನೋಡಿದರೆ ತಿಳಿಯದು, ಏಕೆಂದರೆ ಉರಿಯೂತವೇ ಅದನ್ನು ಏರಿಸಿ ಕೊರತೆಯನ್ನು ಮರೆಮಾಡುತ್ತದೆ; ಉರಿಯೂತದ ಸೂಚಿಯಾದ ಸಿಆರ್‌ಪಿಯನ್ನೂ ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣದ ಅಳತೆಯಾದ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ನನ್ನೂ ಜೊತೆಗಿಟ್ಟು ಓದಬೇಕು. ಉರಿಯೂತ ಆರುವವರೆಗೆ ಆಕೆಗೆ ವಿಶ್ರಾಂತಿ ಸಿಗಬೇಕು, ಆಮೇಲೂ ಕೊರತೆ ಕಂಡರೆ ಕಬ್ಬಿಣ ಸಿಗಬೇಕು. ಯಾವುದು ಯಾವಾಗ ಎಂಬುದನ್ನು ಆಕೆಯ ಯಕೃತ್ತು ತೀರ್ಮಾನಿಸಲಾರದು. ಅದು ವೈದ್ಯರ ಮತ್ತು ಮನೆಯವರ ಹೊಣೆ.