ಬರಿಯ ಎಡಿಟರಿನ ವ್ರತ

ಪ್ರೋಗ್ರಾಮು ಬರೆಯುವವರಲ್ಲಿ ಹಳೆಯದೊಂದು ಜಗಳವಿದೆ: ಬರಿಯ ಎಡಿಟರ್ ಸಾಕೋ, ಸಕಲ ಸಲಕರಣೆಗಳನ್ನೂ ಹೊತ್ತ ಐಡಿಇ ಬೇಕೋ? ಬಿಲ್ ಜಾಯ್ 1976ರಲ್ಲಿ ಬರೆದ ವಿಐಯ ಸಂತತಿ ಇಂದಿಗೂ ಬಳಕೆಯಲ್ಲಿದೆ. ಬರೆಯುವುದನ್ನೂ ಕಂಪೈಲ್ ಮಾಡುವುದನ್ನೂ ಒಂದೆಡೆ ಸೇರಿಸಿದ ಟರ್ಬೊ ಪ್ಯಾಸ್ಕಲ್ ಬಂದದ್ದು 1983ರಲ್ಲಿ.

ಕನ್ನಡದ ಮೇಷ್ಟರಿಗೆ ಇಲ್ಲೇನು ಕೆಲಸವೆಂದು ಓದುಗರು ಕೇಳಿಯಾರು. ಪದವನ್ನು ಅರ್ಧ ಬರೆಯುವಷ್ಟರಲ್ಲಿ ಉಳಿದರ್ಧವನ್ನು ಯಂತ್ರವೇ ಮುಂದಿಟ್ಟರೆ, ತಪ್ಪಿನಡಿ ಅದೇ ಕೆಂಪು ಗೆರೆ ಎಳೆದರೆ, ತಪ್ಪು ಹುಡುಕುವ ಕಣ್ಣು ಬೆಳೆಯುವುದೆಂತು? ಇದು ಬರವಣಿಗೆಯ ಪ್ರಶ್ನೆಯೇ. ಕಲಿಯುವವನು ಬರಿಯ ಎಡಿಟರಿನಲ್ಲಿ ಬರೆದು, ಕಂಪೈಲರಿನ ಬೈಗುಳ ತಿಂದು, ಸಾಲುಸಾಲಾಗಿ ತಡಕುವುದು ಒಳ್ಳೆಯದೆಂದೇ ನನ್ನ ಮತ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿದವರಿಗೆ ಬಂಡೆಯ ಇಳಿಜಾರು ಅಂಗಾಲಿಗೇ ತಿಳಿದಿರುತ್ತದೆ.

ಆದರೆ ಶಿರಾದ್ದೋ ಕೊರಟಗೆರೆಯದೋ ಹುಡುಗಿಯೊಬ್ಬಳು, ಹಳೆಯ ಗಣಕಯಂತ್ರ ಐಡಿಇಯ ಭಾರ ತಾಳದೆಂದು ನೋಟ್‌ಪ್ಯಾಡಿನಲ್ಲಿ ಬರೆದರೆ, ಅದನ್ನು ತಪಸ್ಸೆಂದು ಹೊಗಳುವುದನ್ನು ನಾನು ಒಪ್ಪಲಾರೆ. ಹಸಿದವನಿಗೆ ಏಕಾದಶಿಯ ಮಹಿಮೆ ಹೇಳಿದ ಹಾಗಾಯಿತು. ವ್ರತವೆನ್ನಬೇಕಾದರೆ ಮನೆಯಲ್ಲಿ ಅನ್ನವಿರಬೇಕು. 2,050 ಮೆಗಾವಾಟಿನ ಸೌರ ಪಾರ್ಕನ್ನು ಕಟ್ಟಿಕೊಂಡ ಪಾವಗಡದ ಸೀಮೆಗೆ ನಾಲ್ಕು ಒಳ್ಳೆಯ ಗಣಕಗಳು ಭಾರವೇ? ಅವು ಮೊದಲು ಬರಲಿ. ಮೊದಲ ವರ್ಷ ಬರಿಯ ಎಡಿಟರಿನಲ್ಲೇ ಬರೆಸೋಣ, ಆಮೇಲೆ ಅವಳಿಷ್ಟ.