ಉಸಿರಿನ ಕಾವಲು

ರಾತ್ರಿಯೆಲ್ಲ ನಾವು ಮಲಗಿದ್ದೆವು, ಉಸಿರು ಮಲಗಲಿಲ್ಲ. ಬೆಳಗಿನ ಈ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂತರೆ ಅದು ತನ್ನ ಪಾಡಿಗೆ ಬಂದು ಹೋಗುವುದು ತಿಳಿಯುತ್ತದೆ. ಆಪರೇಷನ್ ಟೇಬಲ್ಲಿನ ನಿದ್ದೆ ಹೀಗಲ್ಲ. ಅಲ್ಲಿ ನಿದ್ದೆ ಬರಿಸುವ ಔಷಧಿಯೇ ಉಸಿರನ್ನೂ ಕುಗ್ಗಿಸುತ್ತದೆ. ಮಲಗಿದವನ ಪರವಾಗಿ ಇನ್ನೊಬ್ಬರು ಎಚ್ಚರವಿರಬೇಕು.

ಈ ಎಚ್ಚರದ ಕಥೆ ನಮ್ಮ ಸೀಮೆಯದೂ ಹೌದು. ಮೊಗುಡಂಪಲ್ಲಿ, ಜಹೀರಾಬಾದು, ಬೀದರು ಎಲ್ಲವೂ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ, ಆಗ ಆಪರೇಷನ್ನಿಗೆ ನಿದ್ದೆ ಬರಿಸಲು ಕೊಡುತ್ತಿದ್ದ ಕ್ಲೋರೋಫಾರ್ಮ್ ಬಗ್ಗೆ ಆಯೋಗ ಕೂತಿತು. ಮುಂದೆ ನಿಂತವರು ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ, ಹಣ ಕೊಟ್ಟವರು ಆರನೇ ನಿಜಾಮ ಮಹಬೂಬ್ ಅಲಿ ಖಾನ್. ಲಾರಿಯವರ ಬಳಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರು. ನೂರಾರು ಮೂಕಪ್ರಾಣಿಗಳ ಜೀವ ತೆಗೆದು ಆಯೋಗ ಹೇಳಿದ್ದು ಇಷ್ಟು: ನಾಡಿ ಬಿಡಿ, ಉಸಿರು ನೋಡಿ. ಹೃದಯ ಮೊದಲು ನಿಲ್ಲುವುದೇ ಇಲ್ಲ ಎಂದು ಅವರು ಸಾಧಿಸಿದ್ದು ತಪ್ಪು. 1911ರಲ್ಲಿ ಗುಡ್‌ಮನ್ ಲೆವಿ ಅದನ್ನು ತೋರಿಸಿಕೊಟ್ಟರು. ಉಸಿರು ನೋಡಿ ಎಂಬುದು ಮಾತ್ರ ಇಂದಿಗೂ ಸುಳ್ಳಾಗಿಲ್ಲ.

ಶ್ವಾಸಕೋಶದ ಆಪರೇಷನ್ನಿನಲ್ಲಂತೂ ಈ ಕಾವಲು ಇನ್ನೂ ಬಿಗಿ. ಕತ್ತರಿಸಬೇಕಾದ ಕಡೆಯ ಶ್ವಾಸಕೋಶವನ್ನು ಗಾಳಿ ತೆಗೆದು ಸುಮ್ಮನಿರಿಸುತ್ತಾರೆ, ಇನ್ನೊಂದೇ ಇಬ್ಬರ ದುಡಿಮೆ ದುಡಿಯುತ್ತದೆ. ಕೆಲಸ ಮುಗಿದ ಮೇಲೆ ಮುದುಡಿದ್ದಕ್ಕೆ ಮತ್ತೆ ಗಾಳಿ ತುಂಬುತ್ತಾರೆ. ಮುದುಡಿದ್ದಕ್ಕೂ ಅರಳಿದ್ದಕ್ಕೂ ಒಳಗೆ ಉರಿಯೂತ ಏಳುತ್ತದೆ. ದುಡಿದು ದಣಿದದ್ದೂ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ಯಾವ ಔಷಧಿಯ ನಿದ್ದೆಯಲ್ಲಿ ಈ ಉರಿ ಕಡಿಮೆ? 2009ರಲ್ಲಿ ಜ್ಯೂರಿಕ್‌ನ ವೈದ್ಯರು 54 ರೋಗಿಗಳಲ್ಲಿ ನೋಡಿದಾಗ, ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್‌ಗಿಂತ ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್‌ನಲ್ಲಿ ಉರಿಯೂತದ ಗುರುತುಗಳು ಕಡಿಮೆ ಕಂಡವು. ಸಂತೋಷದ ಸುದ್ದಿಯೇ. ಆದರೆ 2016ರಲ್ಲಿ ಸ್ವಿಟ್ಜರ್ಲೆಂಡಿನಲ್ಲೇ 460 ರೋಗಿಗಳ ಮೇಲೆ, ಅದೇ ಜಾತಿಯ ಡೆಸ್‌ಫ್ಲುರೇನ್ ಇಟ್ಟುಕೊಂಡು ನೋಡಿದರೆ, ದೊಡ್ಡ ತೊಂದರೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಪ್ರಯೋಗಾಲಯದಲ್ಲಿ ಇಳಿದ ಅಂಕಿ ಹಾಸಿಗೆಯವರೆಗೆ ಬರಲಿಲ್ಲ. ಇಂಥ ಫಲವನ್ನೂ ಮುಚ್ಚಿಡದೆ ಅಚ್ಚು ಹಾಕಿಸಿದವರ ಮೇಲೆ ನನಗೆ ಹೆಚ್ಚು ನಂಬಿಕೆ.

ಔಷಧಿ ಆರಿಸುವುದು ನಮ್ಮ ಕೈಯಲ್ಲಿಲ್ಲ. ನಿಜ ಹೇಳುವುದು ಇದೆ. ಆಪರೇಷನ್ನಿಗೆ ಮೊದಲು ಬೇಹೋಶ್ ಮಾಡುವ ಡಾಕ್ಟರು ಬಂದು ಕೇಳುತ್ತಾರೆ: ಬೀಡಿ ಸೇದುತ್ತೀರಾ, ಕುಡಿಯುತ್ತೀರಾ? ಮಗ, ಸೊಸೆ ಎದುರಿಗಿದ್ದಾರೆಂದು ಹಿರಿಯರು ಇಲ್ಲವೆಂದು ತಲೆ ಅಲ್ಲಾಡಿಸಿಬಿಡುತ್ತಾರೆ. ನಮ್ಮ ಕಡೆ ಇದು ಸಣ್ಣ ಸುಳ್ಳಲ್ಲ. ತೆಲಂಗಾಣದಲ್ಲಿ ಮಾರುವ ಶಿಂದಿಗೆ ಆಲ್‌ಪ್ರಜೋಲಂ ಎಂಬ ನಿದ್ದೆಯ ಔಷಧಿ ಬೆರೆಸುವ ಕಳ್ಳದಂಧೆ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ದಿನವೂ ಅದನ್ನು ಕುಡಿದವರಿಗೆ, ಆಸ್ಪತ್ರೆ ಸೇರಿ ಅದು ಒಮ್ಮೆಲೇ ನಿಂತರೆ ಕೈ ನಡುಗುತ್ತದೆ, ದಿಕ್ಕು ತಪ್ಪಿದಂತೆ ಮಾತಾಡುತ್ತಾರೆ, ಫಿಟ್ಸ್ ಕೂಡ ಬರಬಹುದು. ಆಪರೇಷನ್ನಿಗೆ ಕೊಡುವ ನಿದ್ದೆಯ ಔಷಧಿಯ ಲೆಕ್ಕವೂ ತಪ್ಪುತ್ತದೆ.

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಗೊತ್ತಾಗಿದ್ದರೆ, ಬೀಡಿ ಬಿಡಿಸಲು ಕೊನೆಯ ದಿನದವರೆಗೆ ಕಾಯಬೇಡಿ. ನಾಲ್ಕು ವಾರ ಮೊದಲಾದರೂ ಬಿಡಲಿ. ಶಿಂದಿ ಮಾತ್ರ ನೀವಾಗಿ ಒಮ್ಮೆಲೇ ಬಿಡಿಸಬೇಡಿ, ಮೊದಲು ಡಾಕ್ಟರಿಗೆ ಹೇಳಿ. ಅವರು ಕೇಳುವಾಗ ನೀವು ಸ್ವಲ್ಪ ಹೊರಗೆ ಹೋಗಿ, ಮನೆಯ ಹಿರಿಯರು ಸಂಕೋಚವಿಲ್ಲದೆ ನಿಜ ಹೇಳಲಿ.